ಮೊರ್ದೆಕೈ ಯೆಹೂದ್ಯನಾದದ್ದು ಹೇಗೆ? ಎರಡು ಹೆಸರುಗಳ ಹಿನ್ನೆಲೆ

ಬೈಬಲಿನ ಎಸ್ತೇರಳ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಮೊರ್ದೆಕೈಯನ್ನು ಪರಿಚಯಿಸುವ ವಾಕ್ಯವನ್ನು ನಿಧಾನವಾಗಿ ಓದಿದವರಿಗೆ ಒಂದು ತೊಡಕು ಕಾಣುತ್ತದೆ. ಪರ್ಷಿಯದ ಅರಸರ ಶೂಷನ್ ಕೋಟೆಯಲ್ಲಿ ಒಬ್ಬ ಯೆಹೂದ್ಯನಿದ್ದ ಎಂದು ಆರಂಭವಾಗುವ ಆ ವಾಕ್ಯ ಅವನ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳಿ, ಅವನು ಬೆನ್ಯಾಮೀನ ಕುಲದವನು ಎಂದು ಮುಗಿಯುತ್ತದೆ. ಯೆಹೂದನ ಕುಲದವನೇ ಯೆಹೂದ್ಯ ಎಂಬುದು ಆ ಪದದ ಮೂಲಾರ್ಥವಾದರೆ, ಯೆಹೂದನ ಕಿರಿಯ ಸೋದರನಾದ ಬೆನ್ಯಾಮೀನನ ಸಂತತಿಯವನು ಯೆಹೂದ್ಯನಾಗುವುದು ಹೇಗೆ? ಇದು ನಕಲುಗಾರನ ಕೈತಪ್ಪಲ್ಲ. ಆ ಗ್ರಂಥ ರಚನೆಯಾಗುವ ವೇಳೆಗೆ ಪದವು ತನ್ನ ಮೊದಲ ಅರ್ಥವನ್ನು ಬಿಟ್ಟು ಬಹಳ ದೂರ ಬಂದಿತ್ತು.

ಕನ್ನಡದ ಓದುಗರಿಗೆ ಇಲ್ಲಿ ಇನ್ನೂ ಒಂದು ತೊಡಕಿದೆ. ಕನ್ನಡ ಬೈಬಲಿನ ‘ಯೆಹೂದ್ಯ’ನೂ ಪತ್ರಿಕೆಗಳ ‘ಯಹೂದಿ’ಯೂ ಒಂದೇ ಪದದ ಎರಡು ರೂಪಗಳು. ಆದರೆ ಬೈಬಲಿನ ‘ಇಸ್ರಾಯೇಲ್ಯ’ನೂ ಪತ್ರಿಕೆಗಳ ‘ಇಸ್ರೇಲಿ’ಯೂ ಒಂದೇ ಅಲ್ಲ. ಮೊದಲನೆಯವನು ಒಂದು ಪ್ರಾಚೀನ ಜನಾಂಗಕ್ಕೆ ಸೇರಿದವನು, ಎರಡನೆಯವನು 1948ರಲ್ಲಿ ಸ್ಥಾಪನೆಯಾದ ದೇಶದ ಪ್ರಜೆ. ಆ ಪ್ರಜೆ ಮುಸ್ಲಿಮನಾಗಿರಬಹುದು, ಕ್ರೈಸ್ತನೂ ಆಗಿರಬಹುದು.

ಹೆಸರುಗಳ ಹುಟ್ಟನ್ನು ಬೈಬಲಿನ ಮೊದಲ ಗ್ರಂಥವಾದ ಆದಿಕಾಂಡವು ಒಂದು ಕುಟುಂಬದ ಕಥೆಯಾಗಿ ಹೇಳುತ್ತದೆ. ಯಬ್ಬೋಕ್ ಹೊಳೆಯ ದಡದಲ್ಲಿ ರಾತ್ರಿಯಿಡೀ ಅಪರಿಚಿತನೊಬ್ಬನೊಡನೆ ಹೋರಾಡಿದ ಯಾಕೋಬನಿಗೆ ಬೆಳಗಿನ ಜಾವ ‘ಇಸ್ರಾಯೇಲ್’ ಎಂಬ ಹೊಸ ಹೆಸರು ಸಿಗುತ್ತದೆ. ಅವನ ಹನ್ನೆರಡು ಮಂದಿ ಗಂಡುಮಕ್ಕಳಲ್ಲಿ ಯೆಹೂದ ಒಬ್ಬ, ಲೇಯಳ ನಾಲ್ಕನೆಯ ಮಗ. ಈ ಲೆಕ್ಕದಲ್ಲಿ ಇಸ್ರಾಯೇಲ್ ಇಡೀ ಮನೆತನ, ಯೆಹೂದ ಅದರ ಒಂದು ಕವಲು. ಅಬ್ರಹಾಮನನ್ನು ಮೊದಲ ಯಹೂದಿ ಎಂದು ಕರೆಯುವ ರೂಢಿ ಈಗ ವ್ಯಾಪಕವಾಗಿದ್ದರೂ ಬೈಬಲಿನ ಪಠ್ಯ ಅವನನ್ನು ಹಾಗೆಂದು ಎಲ್ಲಿಯೂ ಕರೆಯುವುದಿಲ್ಲ, ಕರೆಯಲು ಸಾಧ್ಯವೂ ಇರಲಿಲ್ಲ, ಏಕೆಂದರೆ ಯೆಹೂದ ಅವನ ಮರಿಮಗ. ಅಬ್ರಹಾಮನಿಗೆ ಪಠ್ಯ ಕೊಡುವ ಹೆಸರು ‘ಇಬ್ರಿಯ’. ಮೋಶೆಯಾದರೋ ಯೆಹೂದನ ಕುಲದವನಲ್ಲ, ಲೇವಿಯ ಕುಲದವನು. ಇಬ್ರಿಯ ಎಂಬ ಮಾತು ಹೆಚ್ಚಾಗಿ ಅನ್ಯರ ಎದುರಿನಲ್ಲಿಯೇ ಕೇಳಿಬರುತ್ತದೆ: ಯೋಸೇಫನನ್ನು ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಹಾಗೆ ಕರೆಯುತ್ತಾರೆ, ಬಿರುಗಾಳಿಗೆ ಸಿಕ್ಕ ಹಡಗಿನ ನಾವಿಕರಿಗೆ ಯೋನನು ತನ್ನನ್ನು ಹಾಗೆಯೇ ಪರಿಚಯಿಸಿಕೊಳ್ಳುತ್ತಾನೆ.

ಬೈಬಲಿನ ಹೊರಗೆ ಇಸ್ರಾಯೇಲ್ ಎಂಬ ಹೆಸರು ಮೊದಲು ಖಚಿತವಾಗಿ ಸಿಗುವುದು ಐಗುಪ್ತದ ಅರಸ ಮೆರ್ನೆಪ್ತಾನ ಶಿಲಾಶಾಸನದಲ್ಲಿ. ಸುಮಾರು ಕ್ರಿ.ಪೂ. 1208ರ ಈ ಶಾಸನವನ್ನು 1896ರಲ್ಲಿ ಫ್ಲಿಂಡರ್ಸ್ ಪೆಟ್ರಿ ಥೀಬ್ಸ್‌ನಲ್ಲಿ ಪತ್ತೆಹಚ್ಚಿದರು. ಕಾನಾನಿನಲ್ಲಿ ತಾನು ಸೋಲಿಸಿದವರ ಪಟ್ಟಿಯಲ್ಲಿ ಅರಸನು ಅಷ್ಕೆಲೋನ್, ಗೆಜೆರ್ ಮೊದಲಾದ ಪಟ್ಟಣಗಳ ಹೆಸರಿನ ಮುಂದೆ ನಾಡನ್ನು ಸೂಚಿಸುವ ಚಿಹ್ನೆಯನ್ನು ಕೊರೆಸಿದ್ದಾನೆ. ಇಸ್ರಾಯೇಲಿನ ಮುಂದೆ ಮಾತ್ರ ಆ ಚಿಹ್ನೆಯಿಲ್ಲ. ಅಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಮತ್ತು ಬಹುವಚನದ ಗೀಟುಗಳಿವೆ. ಐಗುಪ್ತದ ಲಿಪಿಕಾರನ ಪಾಲಿಗೆ ಅದು ಊರಲ್ಲ, ರಾಜ್ಯವಲ್ಲ, ಒಂದು ಜನ. ಯೆಹೂದದ ಸುಳಿವು ಅಲ್ಲಿಲ್ಲ.

ಅರಸ ಸೊಲೊಮೋನನ ನಂತರ, ಸುಮಾರು ಕ್ರಿ.ಪೂ. 930ರಲ್ಲಿ, ರಾಜ್ಯ ಎರಡಾಯಿತು ಎಂದು ಅರಸುಗಳ ಗ್ರಂಥ ಹೇಳುತ್ತದೆ. ಅಲ್ಲಿಂದ ಮುಂದೆ ಸುಮಾರು ಇನ್ನೂರು ವರ್ಷ ಇಸ್ರಾಯೇಲ್ ಎಂದರೆ ಉತ್ತರದ ರಾಜ್ಯ, ಯೆಹೂದ ಎಂದರೆ ಯೆರೂಸಲೇಮನ್ನು ರಾಜಧಾನಿಯಾಗಿ ಉಳ್ಳ ದಕ್ಷಿಣದ ಗುಡ್ಡಗಾಡು. ಇವೆರಡರಲ್ಲಿ ದೊಡ್ಡದೂ ಶ್ರೀಮಂತವೂ ಆದದ್ದು ಉತ್ತರದ್ದು. ಕ್ರಿ.ಪೂ. 853ರಲ್ಲಿ ಕರ್ಕರ್‌ನ ಕಾಳಗದಲ್ಲಿ ಅಶ್ಶೂರ್ಯರ (ಅಸ್ಸೀರಿಯನ್ನರ) ವಿರುದ್ಧ ನಿಂತ ಅರಸರ ಪಟ್ಟಿಯಲ್ಲಿ ಇಸ್ರಾಯೇಲಿನ ಅಹಾಬನಿದ್ದಾನೆ, ಯೆಹೂದದ ಅರಸನ ಹೆಸರೇ ಇಲ್ಲ. ಮೋವಾಬಿನ ಅರಸ ಮೇಷನ ಶಾಸನದಲ್ಲಿಯೂ ಶತ್ರುವಾಗಿರುವುದು ‘ಇಸ್ರಾಯೇಲಿನ ಅರಸ’ ಒಮ್ರಿ.

‘ಯೆಹೂದಿಮ್’, ಅಂದರೆ ಯೆಹೂದ್ಯರು, ಎಂಬ ಬಹುವಚನ ಬೈಬಲಿನಲ್ಲಿ ಮೊದಲ ಬಾರಿಗೆ ಬರುವುದು ಅರಸುಗಳ ಎರಡನೆಯ ಗ್ರಂಥದ 16ನೆಯ ಅಧ್ಯಾಯದಲ್ಲಿ. ಕೆಂಪು ಸಮುದ್ರದ ದಡದ ಏಲತ್ ಪಟ್ಟಣದಿಂದ ಅರಾಮಿನ (ಇಂದಿನ ಸಿರಿಯಾ ಸೀಮೆಯ) ಅರಸನು ಯೆಹೂದ್ಯರನ್ನು ಓಡಿಸಿದ ಎಂಬುದು ಅಲ್ಲಿನ ಸಂಗತಿ. ಅದರ ಹಿಂದಿನ ವಾಕ್ಯವನ್ನು ನೋಡಬೇಕು: ಆ ಅರಾಮ್ಯನ ಜೊತೆ ಸೇರಿ ಯೆರೂಸಲೇಮಿಗೆ ಮುತ್ತಿಗೆ ಹಾಕಿದವನು ಇಸ್ರಾಯೇಲಿನ ಅರಸ ಪೆಕಹ. ಅಂದರೆ ಈ ಪದ ಮೊದಲು ಕಾಣಿಸಿಕೊಳ್ಳುವ ಸಂದರ್ಭದಲ್ಲಿ ಯೆಹೂದ್ಯರು ಒಂದು ಕಡೆ, ಇಸ್ರಾಯೇಲ್ಯರು ಇನ್ನೊಂದು ಕಡೆ. ಎರಡೂ ಪದ ಒಂದೇ ಎನ್ನುವವರು ಈ ಪುಟವನ್ನು ದಾಟಿಕೊಂಡು ಹೋಗಿರುತ್ತಾರೆ.

ಉತ್ತರದ ರಾಜ್ಯ ಬಹುಕಾಲ ಬಾಳಲಿಲ್ಲ. ಕ್ರಿ.ಪೂ. 722ರ ಸುಮಾರಿಗೆ ಅದರ ರಾಜಧಾನಿ ಸಮಾರ್ಯ ಅಶ್ಶೂರ್ಯರ ವಶವಾಯಿತು. ಅಲ್ಲಿಂದ 27,290 ಜನರನ್ನು ಸೆರೆಯೊಯ್ದೆನೆಂದು ಅವರ ಅರಸ ಎರಡನೆಯ ಸರ್ಗೋನ್ ತನ್ನ ಶಾಸನದಲ್ಲಿ ಬರೆಸಿದ. ಎಲ್ಲರೂ ಸೆರೆ ಹೋಗಲಿಲ್ಲ. ಬಹುಮಂದಿ ತಮ್ಮ ಹೊಲಗಳಲ್ಲಿಯೇ ಉಳಿದರು, ಕೆಲವರು ದಕ್ಷಿಣಕ್ಕೆ ವಲಸೆ ಬಂದರು. ಆ ಶತಮಾನದ ಕೊನೆಯಲ್ಲಿ ಯೆರೂಸಲೇಮ್ ಒಮ್ಮೆಲೇ ಬೆಳೆದದ್ದಕ್ಕೆ ಈ ವಲಸೆಯೇ ಕಾರಣವೆಂದು ಹಲವು ಪುರಾತತ್ವಜ್ಞರು ವಾದಿಸುತ್ತಾರೆ.

ಕ್ರಿ.ಪೂ. 701ರಲ್ಲಿ ಅದೇ ಅಶ್ಶೂರ್ಯರು ಯೆರೂಸಲೇಮಿನ ಗೋಡೆಯ ಕೆಳಗೆ ನಿಂತಾಗಿನ ಒಂದು ದೃಶ್ಯ ಈ ಕಥೆಗೆ ಬಹಳ ಮುಖ್ಯ. ಅಶ್ಶೂರ್ಯರ ಅಧಿಕಾರಿ ರಬ್ಷಾಕೆ ಶರಣಾಗಿರೆಂದು ಗೋಡೆಯ ಕೆಳಗಿನಿಂದ ಕೂಗುತ್ತಾನೆ. ಅವನ ಮಾತು ಕೇಳಿ ಸೈನಿಕರು ಎದೆಗುಂದುವರೆಂದು ಹೆದರಿದ ಯೆರೂಸಲೇಮಿನ ಅಧಿಕಾರಿಗಳು, ದಯವಿಟ್ಟು ಅರಾಮ್ಯ ಭಾಷೆಯಲ್ಲಿ ಮಾತಾಡು, ನಮಗೆ ತಿಳಿಯುತ್ತದೆ, ಗೋಡೆಯ ಮೇಲಿನ ಜನಕ್ಕೆ ಕೇಳಿಸುವಂತೆ ‘ಯೆಹೂದಿತ್’ನಲ್ಲಿ ಮಾತಾಡಬೇಡ ಎಂದು ಬೇಡಿಕೊಳ್ಳುತ್ತಾರೆ. ರಬ್ಷಾಕೆ ಇನ್ನೂ ಗಟ್ಟಿಯಾಗಿ ಅದೇ ಭಾಷೆಯಲ್ಲಿ ಕೂಗುತ್ತಾನೆ. ನಾವು ಇಂದು ಹೀಬ್ರೂ ಎನ್ನುವ ನುಡಿಗೆ ಆ ಪಠ್ಯ ಕೊಡುವ ಹೆಸರು ಯೆಹೂದಿತ್, ಯೆಹೂದದ ಮಾತು. ಆ ಹೊತ್ತಿಗೆ ಜನವನ್ನೂ ನುಡಿಯನ್ನೂ ಉಳಿದಿದ್ದ ಒಂದೇ ರಾಜ್ಯದ ಹೆಸರಿನಿಂದ ಕರೆಯತೊಡಗಿದ್ದರು.

ಆದರೆ ಇಸ್ರಾಯೇಲ್ ಎಂಬ ಹೆಸರು ಅಳಿಯಲಿಲ್ಲ. ರಾಜ್ಯ ಹೋದ ಮೇಲೆ ಅದಕ್ಕೆ ವಾರಸುದಾರರು ಬೇಕಾಗಿದ್ದರು, ದಕ್ಷಿಣದವರು ಆ ವಾರಸಿಕೆಯನ್ನು ತಮ್ಮದಾಗಿಸಿಕೊಂಡರು. ಬಹುಕಾಲದ ನಂತರ ರಚಿತವಾದ ಪೂರ್ವಕಾಲವೃತ್ತಾಂತ ಗ್ರಂಥ ಯೆಹೂದದ ಅರಸ ಯೆಹೋಷಾಫಾಟನನ್ನೇ ಒಂದೆಡೆ ‘ಇಸ್ರಾಯೇಲಿನ ಅರಸ’ ಎಂದುಬಿಡುತ್ತದೆ. ರಾಜಕೀಯವಾಗಿ ನೋಡಿದರೆ ಅದು ತಪ್ಪು, ಆದರೆ ಬರೆದವನ ದೃಷ್ಟಿಯಲ್ಲಿ ಇಸ್ರಾಯೇಲ್ ಆಗಲೇ ರಾಜ್ಯವೊಂದರ ಹೆಸರಾಗಿ ಉಳಿದಿರಲಿಲ್ಲ, ದೇವರ ಒಡಂಬಡಿಕೆಗೆ ಸೇರಿದ ಜನದ ಹೆಸರಾಗಿತ್ತು.

ಕ್ರಿ.ಪೂ. 586ರಲ್ಲಿ ಯೆರೂಸಲೇಮೂ ಬಾಬೆಲಿನವರ (ಬ್ಯಾಬಿಲೋನಿಯನ್ನರ) ಕೈಗೆ ಬಿದ್ದಿತು. ಅದಕ್ಕೂ ಮೊದಲೇ ಸೆರೆಯೊಯ್ಯಲ್ಪಟ್ಟಿದ್ದ ಅರಸ ಯೆಹೋಯಾಖೀನನಿಗೆ ಅರಮನೆಯಿಂದ ಎಣ್ಣೆಯ ಪಡಿ ಕೊಟ್ಟ ಲೆಕ್ಕದ ಮಣ್ಣಿನ ಹಲಗೆಗಳು ಬಾಬೆಲಿನಲ್ಲಿಯೇ ಸಿಕ್ಕಿವೆ. ಅವನನ್ನು ಅಲ್ಲಿ ‘ಯಾಹೂದು ದೇಶದ ಅರಸ’ ಎಂದು ನಮೂದಿಸಲಾಗಿದೆ. ಸೆರೆಯವರು ನೆಲೆಸಿದ ಒಂದು ಹಳ್ಳಿಗೂ ಆಲ್-ಯಾಹೂದು, ಯೆಹೂದಪುರ, ಎಂದೇ ಹೆಸರು ಬಿದ್ದಿತ್ತು. ಮುಂದೆ ಪರ್ಷಿಯನ್ನರ ಆಳ್ವಿಕೆಯಲ್ಲಿ ಯೆರೂಸಲೇಮಿನ ಸುತ್ತಲಿನ ಪ್ರಾಂತ್ಯ ‘ಯೆಹೂದ್’ ಎಂಬ ಹೆಸರು ಪಡೆಯಿತು, ಅಲ್ಲಿ ಅಚ್ಚಾದ ಬೆಳ್ಳಿಯ ಸಣ್ಣ ನಾಣ್ಯಗಳ ಮೇಲೆ ಆ ಹೆಸರೇ ಇದೆ. ಆ ಪ್ರಾಂತ್ಯ ಮೂಲದವರು ಎಲ್ಲಿದ್ದರೂ ಯೆಹೂದ್ಯರೇ. ನೈಲ್ ನದಿಯ ಎಲೆಫಂಟೈನ್ ದ್ವೀಪದಲ್ಲಿ ಪರ್ಷಿಯದ ಪಡೆಯಲ್ಲಿದ್ದವರು ಕ್ರಿ.ಪೂ. 407ರಲ್ಲಿ ತಮ್ಮ ದೇವಾಲಯ ನಾಶವಾದದ್ದನ್ನು ಯೆಹೂದ್ ಪ್ರಾಂತ್ಯದ ಅಧಿಪತಿಗೆ ಬರೆದು ದೂರಿದಾಗ ತಮ್ಮನ್ನು ಯೆಹೂದ್ಯರೆಂದೇ ಕರೆದುಕೊಂಡರು. ಬಾಬೆಲಿನಿಂದ ಹಿಂತಿರುಗಿದ ಕಾಲದಿಂದ ಈ ಜನಕ್ಕೆ ಈ ಹೆಸರು ಬಂದಿತೆಂದು ಕ್ರಿ.ಶ. ಮೊದಲ ಶತಮಾನದ ಇತಿಹಾಸಕಾರ ಜೋಸೆಫಸ್ ಬರೆದದ್ದು ಸ್ಥೂಲವಾಗಿ ಸರಿ, ಪದ ಅದಕ್ಕಿಂತ ಹಳೆಯದಾದರೂ.

ಮೊರ್ದೆಕೈಯ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ. ಬೆನ್ಯಾಮೀನರ ಸೀಮೆಯ ಬಹುಭಾಗ ಯೆಹೂದ ರಾಜ್ಯಕ್ಕೆ ಸೇರಿತ್ತು. ರಾಜ್ಯ ಅಳಿದ ಮೇಲೆ ಪರದೇಶದಲ್ಲಿ ಕುಲದ ಭೇದ ಮನೆಯೊಳಗಿನ ನೆನಪಾಗಿ ಉಳಿದು, ಹೊರಗಿನವರಿಗೆ ಎಲ್ಲರೂ ಯೆಹೂದ್ಯರಾದರು. ಎಸ್ತೇರಳ ಗ್ರಂಥ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಎಂಟನೆಯ ಅಧ್ಯಾಯದ ಕೊನೆಯಲ್ಲಿ ದೇಶದ ಬೇರೆ ಬೇರೆ ಜನ ‘ಯೆಹೂದ್ಯರಾದರು’ ಎಂದು ಹೇಳಲು ಆ ಹೆಸರಿನಿಂದಲೇ ಒಂದು ಕ್ರಿಯಾಪದವನ್ನು ಕಟ್ಟಲಾಗಿದೆ. ಹುಟ್ಟಿನಿಂದ ಮಾತ್ರ ಬರುತ್ತಿದ್ದ ಹೆಸರನ್ನು ಹೊರಗಿನವರೂ ಪಡೆಯಬಹುದಾಯಿತು. ಕ್ರಿ.ಪೂ. ಎರಡನೆಯ ಶತಮಾನದ ಕೊನೆಗೆ ಯೋಹಾನ ಹಿರ್ಕಾನಸ್ ಎಂಬ ಆಡಳಿತಗಾರ ಮಹಾಯಾಜಕ ದಕ್ಷಿಣದ ಎದೋಮ್ಯರನ್ನು ಸುನ್ನತಿಗೆ ಒಳಪಡಿಸಿ ತನ್ನ ಜನದಲ್ಲಿ ಸೇರಿಸಿಕೊಂಡಾಗ ಇದು ಬರಿಯ ಗ್ರಂಥದ ಮಾತಾಗಿ ಉಳಿಯಲಿಲ್ಲ. ಗ್ರೀಕಿನ ‘ಇಯುದಾಯೊಸ್’ ಎಂಬ ಪದವನ್ನು ಯೂದಾಯ ಸೀಮೆಯವನು ಎಂದು ಅನುವಾದಿಸಬೇಕೋ ಯಹೂದಿ ಎಂದೋ ಎಂಬ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಒಂದೇ ಪದದಲ್ಲಿ ಊರೂ ಧರ್ಮವೂ ಬೆರೆತಿದ್ದಾಗ ಅವುಗಳನ್ನು ಬೇರ್ಪಡಿಸಹೊರಟಿರುವುದು ನಮ್ಮ ಕಾಲದ ಅಗತ್ಯ, ಅವರದಲ್ಲ.

ಹಾಗಾದರೆ ಒಂದೇ ಜನ ಎರಡು ಹೆಸರುಗಳನ್ನು ಹೇಗೆ ಬಳಸಿತು? ಮತ್ತಾಯನ ಸುವಾರ್ತೆಯಲ್ಲಿ ಯೇಸುವನ್ನು ಶಿಲುಬೆಗೆ ಹಾಕಿದ ಪ್ರಸಂಗ ಒಳ್ಳೆಯ ಉದಾಹರಣೆ. ರೋಮನ್ನರು ಅವನ ತಲೆಯ ಮೇಲೆ ಹಾಕಿದ ಬರಹದಲ್ಲಿ ಅವನು ‘ಯೆಹೂದ್ಯರ ಅರಸ’. ಕೆಳಗೆ ನಿಂತು ಹಂಗಿಸುವ ಯಾಜಕರ ಬಾಯಲ್ಲಿ ಅವನು ‘ಇಸ್ರಾಯೇಲಿನ ಅರಸ’. ಕೆಲವೇ ವಾಕ್ಯಗಳ ಅಂತರದಲ್ಲಿ ಹೊರಗಿನವರ ಮಾತೂ ಒಳಗಿನವರ ಮಾತೂ ಬೇರೆಯಾಗುತ್ತವೆ. ಎಜ್ರನ ಗ್ರಂಥದಲ್ಲಿಯೂ ಪರ್ಷಿಯದ ಅಧಿಕಾರಿಗಳ ಅರಾಮ್ಯ ಪತ್ರಗಳು ಯೆಹೂದ್ಯರೆನ್ನುತ್ತವೆ, ದೇವಾಲಯದ ಪ್ರತಿಷ್ಠೆಯ ದಿನ ಹನ್ನೆರಡು ಹೋತಗಳನ್ನು ಅರ್ಪಿಸಿದವರು ಇಸ್ರಾಯೇಲ್ಯರು.

ಈ ಒಳಗು-ಹೊರಗಿನ ಸೂತ್ರ ಎಲ್ಲೆಡೆಗೂ ಹೊಂದುವುದಿಲ್ಲ. ಬೆನ್ಯಾಮೀನ ಕುಲದವನಾದ ಕ್ರೈಸ್ತ ಧರ್ಮಪ್ರಚಾರಕ ಪೌಲನು ರೋಮಾಪುರದವರಿಗೆ ಬರೆಯುವಾಗ ತಾನು ಇಸ್ರಾಯೇಲ್ಯನೆನ್ನುತ್ತಾನೆ, ಯೆರೂಸಲೇಮಿನಲ್ಲಿ ತನ್ನವರ ಗುಂಪಿನೆದುರಿಗೇ ತಾನು ಯೆಹೂದ್ಯನೆನ್ನುತ್ತಾನೆ. ಹಿರ್ಕಾನಸನ ನಾಣ್ಯಗಳ ಮೇಲೆ ‘ಯೆಹೂದ್ಯರ ಸಭೆ’ ಎಂದಿದೆ, ಕ್ರಿ.ಶ. 66ರಲ್ಲಿ ರೋಮಿನ ವಿರುದ್ಧ ದಂಗೆಯೆದ್ದವರು ಅಚ್ಚುಹಾಕಿದ ಬೆಳ್ಳಿಯ ನಾಣ್ಯದ ಮೇಲೆ ‘ಇಸ್ರಾಯೇಲಿನ ಶೆಕೆಲ್’ ಎಂದಿದೆ. ಎರಡೂ ಒಳಗಿನವರ ಕೈಕೆಲಸವೇ. ನನಗೆ ತೋರುವಂತೆ ಆಡಳಿತ, ಒಪ್ಪಂದ, ಕಂದಾಯದ ಮಾತು ಬಂದಾಗ ಯೆಹೂದ್ಯ ಎಂಬುದು ಮುಂದಾಗುತ್ತಿತ್ತು. ಪ್ರಾರ್ಥನೆಗೂ ಬಿಡುಗಡೆಯ ಆಸೆಗೂ ಇಸ್ರಾಯೇಲ್ ಬೇಕಾಗುತ್ತಿತ್ತು. ಗೆದ್ದ ರೋಮನ್ನರು ತಮ್ಮ ನಾಣ್ಯದಲ್ಲಿ ಖರ್ಜೂರದ ಮರದ ಕೆಳಗೆ ಅಳುತ್ತ ಕೂತ ಹೆಂಗಸನ್ನು ಚಿತ್ರಿಸಿ ‘ಸೆರೆಸಿಕ್ಕ ಯೂದಾಯ’ ಎಂದು ಬರೆಸಿದರು.

ಇಸ್ರಾಯೇಲ್ ಎಂಬ ವಾರಸಿಕೆಗೆ ಇನ್ನೊಬ್ಬ ಹಕ್ಕುದಾರನೂ ಇದ್ದ. ಏಜಿಯನ್ ಸಮುದ್ರದ ದೇಲೊಸ್ ದ್ವೀಪದಲ್ಲಿ 1979ರಲ್ಲಿ ಸಿಕ್ಕ ಎರಡು ಗ್ರೀಕ್ ಶಾಸನಗಳನ್ನು ಬರೆಸಿದವರು, ಪವಿತ್ರ ಗೆರಿಜೀಮ್ ಬೆಟ್ಟಕ್ಕೆ ಕಾಣಿಕೆ ಕಳುಹಿಸುವ ಇಸ್ರಾಯೇಲ್ಯರು ತಾವೆಂದು ಹೇಳಿಕೊಂಡಿದ್ದಾರೆ. ಇವರು ಸಮಾರ್ಯರು. ಯೆರೂಸಲೇಮನ್ನು ಒಪ್ಪದ, ಎಫ್ರಾಯೀಮ್ ಮತ್ತು ಮನಸ್ಸೆ ಕುಲಗಳ ಸಂತತಿ ತಾವೆನ್ನುವ ಈ ಜನ ಕೆಲವು ನೂರರ ಸಂಖ್ಯೆಯಲ್ಲಿ ಇಂದಿಗೂ ಇದ್ದಾರೆ, ತಾವು ಇಸ್ರಾಯೇಲ್ಯರು, ಯೆಹೂದ್ಯರಲ್ಲ ಎನ್ನುತ್ತಾರೆ.

ನಮ್ಮ ಪಕ್ಕದ ಕೊಂಕಣ ಕರಾವಳಿಯಲ್ಲಿ ಇದರ ಇನ್ನೊಂದು ಮುಖವಿದೆ. ಅಲ್ಲಿನ ಹಳ್ಳಿಗಳಲ್ಲಿ ಎಣ್ಣೆಯ ಗಾಣ ನಡೆಸುತ್ತ, ಶನಿವಾರ ಗಾಣ ಕಟ್ಟದ ಕಾರಣ ‘ಶನಿವಾರ ತೇಲಿ’ ಎಂದು ಕರೆಸಿಕೊಂಡ ಸಮುದಾಯ ತನ್ನನ್ನು ಬೆನೆ ಇಸ್ರಾಯೇಲ್, ಇಸ್ರಾಯೇಲನ ಮಕ್ಕಳು, ಎಂದು ಕರೆದುಕೊಳ್ಳುತ್ತಿತ್ತು. 1948ರ ನಂತರ ಅವರಲ್ಲಿ ಸಾವಿರಾರು ಜನ ಇಸ್ರೇಲಿಗೆ ಹೋದರು. ಅಲ್ಲಿನ ಮುಖ್ಯ ಧರ್ಮಗುರುಗಳ ಪೀಠ 1962ರಲ್ಲಿ, ಈ ಸಮುದಾಯದವರ ಮದುವೆಗೆ ಮುನ್ನ ಅವರ ವಂಶವನ್ನು ಸಾಧ್ಯವಾದಷ್ಟು ಹಿಂದಕ್ಕೆ ಶೋಧಿಸಬೇಕೆಂದು ಸೂಚನೆ ಹೊರಡಿಸಿತು. ಇಸ್ರೇಲ್ ಎಂಬ ದೇಶದಲ್ಲಿ, ಇಸ್ರಾಯೇಲನ ಮಕ್ಕಳೆಂಬ ಹೆಸರಿನವರು ತಾವು ಯಹೂದಿಗಳೆಂದು ಸಾಧಿಸಿ ತೋರಿಸಬೇಕಾಗಿ ಬಂದಿತು. ಪ್ರತಿಭಟನೆಗಳು ನಡೆದವು, ಧರಣಿ ನಡೆಯಿತು. 1964ರ ಆಗಸ್ಟ್‌ನಲ್ಲಿ ಇಸ್ರೇಲಿನ ಸಂಸತ್ತು ವಿಶೇಷ ಅಧಿವೇಶನ ಸೇರಿ, ಬೆನೆ ಇಸ್ರಾಯೇಲರು ಎಲ್ಲ ವಿಧದಲ್ಲಿಯೂ ಯಹೂದಿಗಳೇ ಎಂದು ಘೋಷಿಸಿದ ಮೇಲೆ ಧರ್ಮಪೀಠ ತನ್ನ ಸೂಚನೆಯಿಂದ ಆ ಸಮುದಾಯದ ಹೆಸರನ್ನು ತೆಗೆದುಹಾಕಿತು.