ರೇಡಿಯೇಶನ್ ಕೊಟ್ಟ ಆಹಾರವನ್ನು ನಾಯಿಗೆ ಹಾಕಬಹುದಾ?

ಪ್ರಶ್ನೆ: ನಾಯಿಗೆ ತಂದ ಚ್ಯೂ (ಜಗಿಯುವ ತಿಂಡಿ) ಪ್ಯಾಕೆಟ್ ಮೇಲೆ 'ಇರ್ರೇಡಿಯೇಟೆಡ್' ಎಂದು ಬರೆದಿದೆ. ತಿಂದರೆ ಅದರ ಮೈಗೆ ವಿಕಿರಣ ಸೇರುತ್ತಾ? ಮನೆಯಲ್ಲಿ ಬೆಕ್ಕೂ ಇದೆ. ಅದಕ್ಕೂ ಕೊಡಬಹುದಾ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಹೆದರದೆ ನಾಯಿಗೆ ಕೊಡಿ. ಬೆಕ್ಕಿಗೆ ಬೇಡ.

ಇರ್ರೇಡಿಯೇಟೆಡ್ ಎಂದರೆ ರೋಗಾಣು ಸಾಯಲೆಂದು ವಿಕಿರಣ ಹಾಯಿಸಿದ್ದು. ಇದಕ್ಕೆ ಹೆಚ್ಚಾಗಿ ಕೋಬಾಲ್ಟ್-60 ಎಂಬ ವಿಕಿರಣ ಸೂಸುವ ಲೋಹದಿಂದ ಬರುವ ಗಾಮಾ ಕಿರಣ ಬಳಸುತ್ತಾರೆ. ಆಹಾರ ಆ ಕೋಬಾಲ್ಟನ್ನು ಮುಟ್ಟುವುದೇ ಇಲ್ಲ. ಕಿರಣ ಹಾದು ಹೋಗುತ್ತದೆ, ಒಳಗೆ ಉಳಿಯುವುದಿಲ್ಲ. ಎಕ್ಸ್‌ರೇ ತೆಗೆಸಿಕೊಂಡವರ ಮೈಯಲ್ಲಿ ಎಕ್ಸ್‌ರೇ ಉಳಿಯುವುದಿಲ್ಲ ಅಲ್ವಾ, ಹಾಗೆ. ನಾವು ತಿನ್ನುವ ಮಸಾಲೆಗೂ ಹೀಗೆ ಕಿರಣ ಕೊಡಲು ನಮ್ಮ ದೇಶದಲ್ಲಿ ಒಪ್ಪಿಗೆ ಇದೆ. ನವಿ ಮುಂಬಯಿಯ ವಾಶಿಯಲ್ಲಿ 2000ರಿಂದ ಈ ಕೆಲಸಕ್ಕೆಂದೇ ಒಂದು ಘಟಕವಿದೆ.

ಕಿರಣ ಕೊಡುವುದು ಮುಖ್ಯವಾಗಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಸಾಯಲಿ ಎಂದು. ನಾಯಿಯ ಒಣ ಕಾಳಿನಂಥ ಆಹಾರ ಫ್ಯಾಕ್ಟರಿಯಲ್ಲಿ ಚೆನ್ನಾಗಿ ಬೇಯುತ್ತದೆ. ಆದರೆ ಬೆಂದ ಮೇಲೆ ಅದಕ್ಕೆ ಕೊಬ್ಬು, ರುಚಿ ಸವರುತ್ತಾರೆ. ರೋಗಾಣು ಮತ್ತೆ ಸೇರಿಕೊಳ್ಳುವುದು ಅಲ್ಲಿ. ಒಣಗಿಸಿದ ಕಿವಿ, ಚರ್ಮದ ಚ್ಯೂಗಳಲ್ಲಂತೂ ಈ ಭಯ ಜಾಸ್ತಿ. ರೋಗಾಣು ಹೊಟ್ಟೆ ಸೇರಿದರೂ ನಾಯಿ ಆರಾಮಾಗಿ ಓಡಾಡಿಕೊಂಡೇ ಇರಬಹುದು. ಅದರ ಬಟ್ಟಲು ಮುಟ್ಟಿ ಕೈ ಬಾಯಿಗೆ ಹಾಕಿಕೊಂಡ ಮಗುವಿಗೆ ಜ್ವರ, ಭೇದಿ ಶುರುವಾಗಬಹುದು.

ಕಿರಣಕ್ಕೂ ಮಿತಿ ಇದೆ. ಇಂಥ ಆಹಾರಕ್ಕೆ ಹಾಕುವ ಮೆಕ್ಕೆಜೋಳ, ಶೇಂಗಾ ಹಿಂಡಿಗೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಕಿರಣಕ್ಕೆ ಬೂಷ್ಟು ಸತ್ತರೂ ಆ ವಿಷ ಹೋಗುವುದಿಲ್ಲ. ಮುಗ್ಗಲು ವಾಸನೆ ಬಂದರೆ ಸುಮ್ನೆ ಚೆಲ್ಲಿಬಿಡಿ. ಇನ್ನೊಂದು, ಪ್ಯಾಕೆಟ್ ಒಡೆದ ಮೇಲೆ ಆ ರಕ್ಷಣೆ ಮುಗಿಯಿತು. ಬಾಯಿ ತೆರೆದ ಚೀಲದಿಂದ ಕೆ.ಜಿ. ಲೆಕ್ಕದಲ್ಲಿ ತೂಗಿ ಕೊಡುವ ಬಿಡಿ ಆಹಾರ ಕೊಳ್ಳಲೇಬೇಡಿ ಎನ್ನುತ್ತೇನೆ. ನಮ್ಮ ಕಡೆ ಮಳೆ ಹಿಡಿದರೆ ಕಾಳು ಎರಡೇ ದಿನಕ್ಕೆ ಮೆತ್ತಗಾಗುತ್ತದೆ. ಅದನ್ನು ಪ್ಯಾಕೆಟ್ ಸಮೇತ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಬಟ್ಟಲನ್ನು ದಿನಾ ಸೋಪು ಹಾಕಿ ತೊಳೆಯಿರಿ, ಊಟದ ತಟ್ಟೆಗಳ ಜೊತೆ ಬೇಡ.

ಈಗ ಬೆಕ್ಕಿನ ವಿಷಯ. 2008-09ರಲ್ಲಿ ಆಸ್ಟ್ರೇಲಿಯಾದಲ್ಲಿ ಜಾಸ್ತಿ ಪ್ರಮಾಣದ ಕಿರಣ ಕೊಟ್ಟ ಆಮದು ಆಹಾರ ತಿಂದ ಎಷ್ಟೋ ಬೆಕ್ಕುಗಳ ಹಿಂಗಾಲಿನ ಶಕ್ತಿಯೇ ಹೋಯಿತು. ಮಿದುಳು, ಬೆನ್ನುಹುರಿಯ ನರಗಳಿಗೆ ಪೆಟ್ಟು ಬಿದ್ದಿತ್ತು. ಕೆಲವು ಸತ್ತವು. ನಾಯಿಗಳಿಗೆ ಹಾಗಾಗಲಿಲ್ಲ. ಕಿರಣದಿಂದ ವಿಟಮಿನ್ ಎ ಕಡಿಮೆಯಾಗಿದ್ದು ಕಾರಣ ಇರಬಹುದೆಂಬ ಅನುಮಾನವಿದೆ, ಖಚಿತವಾಗಿಲ್ಲ. ಆ ದೇಶ 2009ರಲ್ಲಿ ಬೆಕ್ಕಿನ ಆಹಾರಕ್ಕೆ ಕಿರಣ ಕೊಡುವುದನ್ನೇ ನಿಲ್ಲಿಸಿತು. ಹಾಗಾಗಿ ನಾಯಿಯ ಚ್ಯೂ ಬೆಕ್ಕಿಗೆ ಸಿಗದಂತೆ ಇಡಿ. ಬೆಕ್ಕು ಇಂಥ ಆಹಾರ ತಿನ್ನುತ್ತಾ ಬಂದಿದ್ದು, ನಡೆಯುವಾಗ ಹಿಂಗಾಲು ತಡವರಿಸಿದರೆ ಅದನ್ನು ನಿಲ್ಲಿಸಿ, ತಕ್ಷಣ ಪಶು ವೈದ್ಯರಿಗೆ ತೋರಿಸಿ. ಪ್ಯಾಕೆಟನ್ನೂ ಜೊತೆಗೆ ಒಯ್ಯಿರಿ.