ಬೆರಳು ಎಣಿಸಿದರೆ ಎಣಿಸಲಿ ಬಿಡಿ

ಪ್ರಶ್ನೆ: "ಮೇಡಂ, ನನ್ನ ಮಗಳು ಎರಡನೇ ಕ್ಲಾಸು. ಎಂಟಕ್ಕೆ ಐದು ಕೂಡಿಸು ಅಂದ್ರೆ ಇನ್ನೂ ಬೆರಳು ಮಡಚಿ ಎಣಿಸ್ತಾಳೆ. ಬೇರೆ ಮಕ್ಕಳು ಟಕ್ ಅಂತ ಹೇಳ್ತಾರೆ. ಈಗೀಗ ಲೆಕ್ಕದ ಪುಸ್ತಕ ತೆಗೆದ್ರೆ ಅಳೋಕೆ ಶುರು ಮಾಡ್ತಾಳೆ. ಈ ಬೆರಳಿನ ಚಟ ಬಿಡಿಸೋದು ಹೇಗೆ?"
– ಒಬ್ಬ ತಾಯಿ, ದಾವಣಗೆರೆ

ಬಿಡಿಸಬೇಡಿ. ನನ್ನ ಉತ್ತರ ಇಷ್ಟೇ.

ಇದನ್ನು ಪೋಷಕರ ಸಭೆಯಲ್ಲಿ ಹೇಳಿದ್ದೇನೆ. ಮದುವೆ ಊಟದ ಪಂಕ್ತಿಯಲ್ಲಿ ಹೇಳಿದ್ದೇನೆ. ಕೆ.ಆರ್. ಮಾರ್ಕೆಟ್‌ನಲ್ಲಿ ಸೊಪ್ಪು ಆರಿಸುತ್ತಾ ನಿಂತಾಗಲೂ ಹೇಳಿದ್ದೇನೆ. ಮುಂದಿನ ವಾರ ಮತ್ತೊಬ್ಬರು ಅದನ್ನೇ ಕೇಳುತ್ತಾರೆ. ಹಾಗಾಗಿ ಈ ಸಲ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಬೆರಳು ಎಣಿಸುವ ಮಗು ದಡ್ಡ ಮಗು ಅನ್ನುವ ಮಾತು ನಮ್ಮಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಸ್ವತಃ ಬೆರಳು ಎಣಿಸುವವರೇ ಅದನ್ನು ಹೇಳುತ್ತಾರೆ. ಯುಗಾದಿಗೆ ಇನ್ನೆಷ್ಟು ದಿನ ಅಂತ ಮನೆಯಲ್ಲಿ ಅಜ್ಜಿಯನ್ನು ಕೇಳಿ ನೋಡಿ. ಹೆಬ್ಬೆರಳು ಮಿಕ್ಕ ಬೆರಳುಗಳ ಗೆಣ್ಣಿನ ಮೇಲೆ ಓಡುತ್ತದೆ. ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು, ಒಂದೇ ಕೈಯಲ್ಲಿ 12. ಆ ಅಜ್ಜಿ ಚೀಟಿ ದುಡ್ಡಿನಲ್ಲಿ ಒಂದು ರೂಪಾಯಿ ತಪ್ಪುವುದಿಲ್ಲ. ಅವರನ್ನು ಯಾರೂ ದಡ್ಡರು ಅನ್ನುವುದಿಲ್ಲ, ಅಲ್ವಾ?

ಬೆರಳು ಮಾಡುವ ಕೆಲಸ ಏನು ಅಂತ ನೋಡಿ. ಎಂಟಕ್ಕೆ ಐದು ಕೂಡಿಸುವಾಗ ಮಗು ಒಂಬತ್ತು, ಹತ್ತು, ಹನ್ನೊಂದು ಅಂತ ಮುಂದೆ ಹೋಗಬೇಕು. ಜೊತೆಗೆ ಎಷ್ಟು ಹೆಜ್ಜೆ ಹೋದೆ ಅಂತಲೂ ನೆನಪಿಡಬೇಕು. ಆರೇಳು ವರ್ಷದ ತಲೆಗೆ ಎರಡನ್ನೂ ಒಟ್ಟಿಗೆ ಹಿಡಿಯುವುದು ಕಷ್ಟ. ಅದಕ್ಕೇ ಎರಡನೇ ಕೆಲಸವನ್ನು ಅದು ಬೆರಳಿಗೆ ಒಪ್ಪಿಸುತ್ತದೆ. "ಮನಸ್ಸಲ್ಲಿ ಎಂಟು, ಕೈಯಲ್ಲಿ ಐದು" ಅಂತ ನಮ್ಮ ಮೇಷ್ಟ್ರು ನಮಗೆ ಹೇಳಿಕೊಟ್ಟಿದ್ದೂ ಇದನ್ನೇ.

ಆಮೇಲೆ ಬೆರಳು ತಾನಾಗಿಯೇ ಬಿಟ್ಟುಹೋಗುತ್ತದೆ. ಶುರುವಿನಲ್ಲಿ ಮಗು ಎಲ್ಲವನ್ನೂ ಒಂದರಿಂದ ಎಣಿಸುತ್ತದೆ. ಸ್ವಲ್ಪ ದಿನಕ್ಕೆ ಎಂಟನ್ನು ಹಾಗೇ ಇಟ್ಟುಕೊಂಡು ಒಂಬತ್ತರಿಂದ ಶುರು ಮಾಡುತ್ತದೆ. ಮೂರಕ್ಕೆ ಎಂಟು ಕೂಡಿಸು ಅಂದರೆ, ಎಂಟಕ್ಕೆ ಮೂರು ಕೂಡಿಸುವುದು ಸುಲಭ ಅಂತ ತಾನೇ ತಿರುಗಿಸಿಕೊಳ್ಳುತ್ತದೆ. ಇದನ್ನು ಮೊದಲ ಸಲ ಮಾಡಿದ ಮಗುವಿನ ಮುಖ ನೋಡಬೇಕು ನೀವು! ಕೊನೆಗೆ ಒಂದು ದಿನ, ಎಂಟಕ್ಕೆ ಎರಡು ಸೇರಿಸಿದರೆ ಹತ್ತು, ಐದರಲ್ಲಿ ಇನ್ನು ಮೂರು ಉಳಿಯಿತು, ಹದಿಮೂರು ಅನ್ನುತ್ತದೆ. ಅಲ್ಲಿಂದ ಮುಂದೆ ಬೆರಳು ಮಡಚುವುದೇ ತಡ ಅನ್ನಿಸಿ ಮಗುವೇ ಬಿಟ್ಟುಬಿಡುತ್ತದೆ.

ಈ ಮೆಟ್ಟಿಲುಗಳ ಮಧ್ಯೆ ನೀವು ಕೈ ಕಟ್ಟಿಸಿದರೆ ಮಗು ಊಹೆ ಮಾಡಲು ಕಲಿಯುತ್ತದೆ. "ಹನ್ನೆರಡಾ? ಹದಿನಾಲ್ಕಾ?" ಅಂತ ನಿಮ್ಮ ಮುಖ ನೋಡುತ್ತದೆ. ಇಲ್ಲವೇ ಮುಚ್ಚಿಡುತ್ತದೆ. ನನ್ನ ತರಗತಿಗೆ ಬೇರೆ ಶಾಲೆಯಿಂದ ಬಂದ ಹುಡುಗನೊಬ್ಬ ಶೂ ಒಳಗೆ ಕಾಲ್ಬೆರಳು ಅಲ್ಲಾಡಿಸಿ ಎಣಿಸುತ್ತಿದ್ದ. ಕೈಬೆರಳು ತೆಗೆದರೆ ಅಲ್ಲಿ ಸ್ಕೇಲಿನ ಏಟು ಬೀಳುತ್ತಿತ್ತಂತೆ. ಅರ್ಧ ಗಮನ ಲೆಕ್ಕದ ಮೇಲೆ, ಅರ್ಧ ಗಮನ ಮಿಸ್ ನೋಡಿಬಿಟ್ಟರೆ ಅನ್ನುವುದರ ಮೇಲೆ. ಹೀಗಿದ್ದರೆ ಯಾರಿಗೆ ಲೆಕ್ಕ ಬರುತ್ತದೆ ಹೇಳಿ? ಬೆರಳು ಮೇಜಿನ ಮೇಲಿಟ್ಟು ಎಣಿಸಪ್ಪಾ ಅಂದೆ. ನಂಬಲು ಅವನಿಗೆ ಒಂದು ವಾರ ಬೇಕಾಯಿತು.

ಇನ್ನೊಂದು ಕಡೆ ಅಬ್ಯಾಕಸ್ ಕ್ಲಾಸಿಗೆ ದುಡ್ಡು ಕಟ್ಟಿ ಸೇರಿಸುತ್ತೀರಿ. ಅಲ್ಲಿ ಮಗು ಗಾಳಿಯಲ್ಲಿ ಬೆರಳಾಡಿಸಿ ಉತ್ತರ ಹೇಳಿದರೆ ವಿಡಿಯೋ ಮಾಡಿ ನೆಂಟರಿಗೆಲ್ಲ ಕಳಿಸುತ್ತೀರಿ. ಅದೇ ಬೆರಳು ಮನೆಯಲ್ಲಿ ಆಡಿದರೆ ಬೈಗುಳ. ಇದನ್ನು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಇನ್ನು ನಿಮ್ಮ ಮಗಳ ಅಳು. ಸ್ವಲ್ಪ ದಿನ "ಎಷ್ಟು ಬಂತು" ಅಂತ ಕೇಳಬೇಡಿ, "ಹೇಗೆ ಮಾಡಿದೆ" ಅಂತ ಕೇಳಿ. ಉತ್ತರ ಸರಿ ಇದ್ದಾಗಲೂ ಕೇಳಿ, ಇಲ್ಲವಾದರೆ ಆ ಪ್ರಶ್ನೆ ಬಂದರೆ ತಪ್ಪಾಗಿದೆ ಅಂತಲೇ ಅವಳು ತಿಳಿಯುತ್ತಾಳೆ. ಪಕ್ಕದ ಮನೆ ಹುಡುಗನ ಮಾತು ಎತ್ತಬೇಡಿ. ಸಂಜೆ ಅವಳ ಜೊತೆ ಚೌಕಾಬಾರ ಆಡಿ. ನಾಲ್ಕು ಕವಡೆ, 25 ಮನೆ, ಸಾಕು. ಎಂಟು ಬಿದ್ದಾಗ ಕಾಯಿ ಎಲ್ಲಿಗೆ ಹೋಗುತ್ತದೆ, ಅಮ್ಮನ ಕಾಯಿ ಹೊಡೆಯಲು ಎಷ್ಟು ಬೀಳಬೇಕು ಅಂತ ಅವಳೇ ಮುಂದಾಗಿ ಲೆಕ್ಕ ಹಾಕುತ್ತಾಳೆ. ಅವಸರ ಅವಳದೇ ಆಗಿರುತ್ತದೆ, ನಿಮ್ಮದಲ್ಲ.

ನಾಲ್ಕನೇ ಕ್ಲಾಸಿಗೆ ಬಂದ ಮೇಲೂ ಎಲ್ಲವನ್ನೂ ಒಂದರಿಂದಲೇ ಎಣಿಸುತ್ತಿದ್ದರೆ ಆಗ ಟೀಚರ್ ಹತ್ತಿರ ಮಾತಾಡಿ. ಏಳಕ್ಕೆ ಮೂರು, ಆರಕ್ಕೆ ನಾಲ್ಕು ಅನ್ನುವ ಹತ್ತರ ಜೋಡಿಗಳು ಕೂತಿಲ್ಲ ಅಂತ ಅರ್ಥ. ಅದನ್ನು ಕೂರಿಸುವುದಕ್ಕೂ ಎರಡು ಕೈ ಹತ್ತು ಬೆರಳೇ ಬೇಕು.

ಇನ್ನೊಂದು ವಿಷಯ ಯಾರೂ ನೇರವಾಗಿ ಕೇಳುವುದಿಲ್ಲ. ಆದರೆ ಇಂಗ್ಲಿಷ್ ಮೀಡಿಯಂ ಮಗು ಮನೆಯಲ್ಲಿ "ಹನ್ನೊಂದು" ಅಂದರೆ "ಇಲೆವೆನ್ ಅನ್ನು ಪುಟ್ಟಾ" ಅಂತ ತಿದ್ದುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಸುಮ್ನೆ ತಿದ್ದಬೇಡಿ. ಹನ್ನೊಂದರಲ್ಲಿ ಹತ್ತೂ ಇದೆ, ಒಂದೂ ಇದೆ. ಇಲೆವೆನ್‌ನಲ್ಲಿ ಮಗುವಿಗೆ ಯಾವುದೂ ಕೇಳಿಸುವುದಿಲ್ಲ. ಥರ್ಟೀನ್, ಥರ್ಟಿ ಅಂದಾಗ ಎಷ್ಟು ಮಕ್ಕಳು ತಡಬಡಾಯಿಸುತ್ತವೆ! ಹದಿಮೂರು, ಮೂವತ್ತು ಅಂದರೆ ಆ ತೊಂದರೆ ಕಡಿಮೆ. ಮೂವತ್ತು ಅಂದರೆ ಮೂರು ಹತ್ತು, ಐವತ್ತು ಅಂದರೆ ಐದು ಹತ್ತು. ನಮ್ಮ ಹತ್ತು ಹಳಗನ್ನಡದಲ್ಲಿ ಪತ್ತು. ಒಂಬತ್ತು ಅಂದರೆ ಹತ್ತಕ್ಕೆ ಒಂದು ಕಡಿಮೆ ಅಂತ ಭಾಷೆ ಬಲ್ಲವರು ಹೇಳುತ್ತಾರೆ. ಎರಡೂ ಭಾಷೆಯಲ್ಲಿ ಎಣಿಸಲಿ, ಮಕ್ಕಳಿಗೆ ಅದು ಭಾರವಲ್ಲ.

ಒಂಬತ್ತರ ಮಾತು ಬಂತಲ್ಲ, ಮಗ್ಗಿ ಶುರುವಾದಾಗ ಇದನ್ನು ತೋರಿಸಿ. ಹತ್ತೂ ಬೆರಳು ಬಿಚ್ಚಿ ಹಿಡಿಯಲಿ. ಒಂಬತ್ತ್ ನಾಕ್ಲ ಎಷ್ಟು? ಎಡಗಡೆಯಿಂದ ನಾಲ್ಕನೇ ಬೆರಳು ಮಡಚಬೇಕು. ಅದರ ಎಡಕ್ಕೆ ಮೂರು ಬೆರಳು, ಬಲಕ್ಕೆ ಆರು. ಮೂವತ್ತಾರು. ಒಂಬತ್ತೇಳ್ಲ ಎಷ್ಟು ಅಂತ ಅವಳೇ ಮಡಚಿ ನಿಮಗೆ ಹೇಳಲಿ.