ತೂಕ ಅದೇ, ನೀರು ಜಾಸ್ತಿ

"ಡಾಕ್ಟ್ರೇ, ತೂಕ ಮೊದಲಿನಷ್ಟೇ ಇದೆ ಅಲ್ವಾ? ಮತ್ಯಾಕೆ ಮಲಗಿದ್ರೆ ಉಸಿರು ಕಟ್ಟುತ್ತೆ?" ಡಯಾಲಿಸಿಸ್‌ಗೆ ಬರುವ ಹಿರಿಯರೊಬ್ಬರು ಕೇಳಿದರು. ಹಿಂದಿನ ತಿಂಗಳು ನ್ಯುಮೋನಿಯಾ ಆಗಿ, ಊಟ ಸೇರದೆ ಸೊರಗಿದ್ದರು. ಅಂಗಿಯ ತೋಳು ಜೋತಾಡುತ್ತಿತ್ತು. ತೂಕ ಮಾತ್ರ ಹಳೆಯ 58 ಕಿಲೋ. ಕರಗಿದ ಮಾಂಸದ ಜಾಗದಲ್ಲಿ ನೀರು ಬಂದು ಕೂತಿತ್ತು.

ಹೆಚ್ಚಿನ ನೀರೆಲ್ಲ ಹೋದ ಮೇಲೆ ಉಳಿಯುವ ತೂಕಕ್ಕೆ ನಾವು ಡ್ರೈ ವೇಟ್ ಅನ್ನುತ್ತೇವೆ. ಅದಕ್ಕಿಂತ ಕೆಳಗಿಳಿಸಿದರೆ ಬಿಪಿ ಬೀಳುತ್ತದೆ, ಕಾಲು ಸೆಳೆಯುತ್ತದೆ. ನೀರು ಉಳಿದರೆ ಹೃದಯಕ್ಕೆ ಭಾರ. ಕಾಯಿಲೆ ಬಿದ್ದು ಎದ್ದವರಲ್ಲಿ ಈ ತೂಕವೇ ಬದಲಾಗಿರುತ್ತದೆ. ಅದನ್ನು ಮತ್ತೆ ಗೊತ್ತುಮಾಡಲು ನಾನು ಬಯೋಇಂಪಿಡೆನ್ಸ್ ಪರೀಕ್ಷೆ, ಅಂದರೆ ಮೈಯಲ್ಲಿ ಸಣ್ಣ ಕರೆಂಟ್ ಹರಿಸಿ ನೀರೆಷ್ಟಿದೆ ಎಂದು ಅಂದಾಜಿಸುವ ಪರೀಕ್ಷೆ ಮಾಡಿಸುತ್ತೇನೆ.

ಹತ್ತು ನಿಮಿಷ ಅಂಗಾತ ಮಲಗಿಸಿ, ಫಿಸ್ಟುಲಾ (ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಜೋಡಿಸಿದ ಜಾಗ) ಇಲ್ಲದ ಕೈಗೆ ಎರಡು, ಅದೇ ಬದಿಯ ಪಾದಕ್ಕೆ ಎರಡು ಎಲೆಕ್ಟ್ರೋಡ್ ಅಂಟಿಸಿದೆವು. "ಶಾಕ್ ಹೊಡೆಯಲ್ವಾ?" ಅವರ ಹೆಂಡತಿಗೆ ಗಾಬರಿ. ಇಲ್ಲಮ್ಮ, ಕರೆಂಟ್ 1 ಮಿಲಿಆಂಪಿಯರ್‌ಗಿಂತ ಕಮ್ಮಿ, ಹರಿದದ್ದೇ ಗೊತ್ತಾಗುವುದಿಲ್ಲ ಅಂದೆ.

ಉಪ್ಪುನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ತಡೆ ಜಾಸ್ತಿ. ಮೈಯಲ್ಲಿ ನೀರು ಹೆಚ್ಚಿದಷ್ಟೂ ಈ ತಡೆ ಇಳಿಯುತ್ತದೆ. ನನಗೆ ಇವತ್ತಿಗೂ ಬೆರಗು ಹುಟ್ಟಿಸುವುದು ಮುಂದಿನ ಭಾಗ. ಜೀವಕೋಶದ ಪೊರೆ ಕೆಪಾಸಿಟರ್ ಇದ್ದಹಾಗೆ. 5 ಕಿಲೋಹರ್ಟ್ಸ್‌ನಂಥ ಕಡಿಮೆ ಫ್ರೀಕ್ವೆನ್ಸಿಯ ಕರೆಂಟನ್ನು ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕರೆಂಟ್ ಕೋಶಗಳನ್ನು ಸುತ್ತುಹಾಕಿ, ಹೊರಗಿನ ನೀರಿನಲ್ಲೇ ಸಾಗುತ್ತದೆ. ಫ್ರೀಕ್ವೆನ್ಸಿ 1,000 ಕಿಲೋಹರ್ಟ್ಸ್ ಮುಟ್ಟುವ ಹೊತ್ತಿಗೆ ಪೊರೆ ದಾಟಿ ಒಳಗೂ ಹರಿಯುತ್ತದೆ. ಎರಡನ್ನೂ ಅಳೆದರೆ ಒಳಗಿನ ನೀರೆಷ್ಟು, ಹೊರಗಿನದೆಷ್ಟು ಎಂಬ ಅಂದಾಜು ಸಿಗುತ್ತದೆ. 70 ಕಿಲೋ ತೂಗುವ ಗಂಡಸಿನ ಮೈಯಲ್ಲಿ ಸುಮಾರು 42 ಲೀಟರ್ ನೀರಿರುತ್ತದೆ. ಮೂರರಲ್ಲಿ ಎರಡು ಪಾಲು ಕೋಶಗಳ ಒಳಗೇ. ಊತ ಸೇರಿಕೊಳ್ಳುವುದು ಹೊರಗಿನ ಪಾಲಿಗೆ. ನಮ್ಮ ಹಿರಿಯರಲ್ಲಿ ಅದೇ ಸುಮಾರು 3 ಲೀಟರ್ ಜಾಸ್ತಿ ಇತ್ತು.

ಹಾಗಂತ ಈ ಅಳತೆಯನ್ನು ಎಲ್ಲರಲ್ಲೂ ನಂಬಲಾಗದು. ಸಣ್ಣಗಿರುವ ಕೈಕಾಲುಗಳೇ ಕರೆಂಟನ್ನು ಹೆಚ್ಚು ತಡೆಯುತ್ತವೆ, ಅಗಲವಾದ ಎದೆ ಹೊಟ್ಟೆಗಳ ತಡೆ ತೀರಾ ಕಮ್ಮಿ. ಹಾಗಾಗಿ ಹೊಟ್ಟೆಯಲ್ಲಿ ನೀರು ತುಂಬಿದ್ದರೂ ಲೆಕ್ಕಕ್ಕೆ ಸರಿಯಾಗಿ ಸಿಗುವುದಿಲ್ಲ. ಪೇಸ್‌ಮೇಕರ್ ಇರುವವರಿಗೆ ನಾನು ಈ ಪರೀಕ್ಷೆ ಬರೆಯುವುದೇ ಇಲ್ಲ. ಮನೆಯ ತೂಕದ ಯಂತ್ರ ತೋರಿಸುವ ನೀರಿನ ಶೇಕಡಾ ನೋಡಿ ಕಿಡ್ನಿ ರೋಗಿಗಳು ತಾವೇ ನೀರು ಕುಡಿಯುವುದನ್ನು ಏರುಪೇರು ಮಾಡಬಾರದು, ದಯವಿಟ್ಟು.

ನಂಬರ್ ಬಂದ ಮೇಲೂ ಅವರ ಕಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಗುಳಿ ಬಿದ್ದದ್ದು ಹಾಗೇ ನಿಂತಿತು. ಒಂದೇ ಸಲಕ್ಕೆ ತೆಗೆಯದೆ, ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸಿ 55 ಕಿಲೋಗೆ ತಂದೆವು. ಈಗ ರಾತ್ರಿ ಒಂದೇ ದಿಂಬು ಇಟ್ಟು ಮಲಗುತ್ತಾರಂತೆ.